ನಯಾಗರ ಹಾರಿದ ಟೀಚರಮ್ಮನ ಕೈಗೆ ದುಡ್ಡು ಯಾಕೆ ಬರಲಿಲ್ಲ?

ನೀರ್ಚಾಲು ಮಾಷ್ಟ್ರು (ಚರ್ಚೆ ಶುರು ಮಾಡಿದವರು)

ನಮ್ಮ ಪೊಸಡಿಗುಂಪೆ ಗುಡ್ಡದ ಅಂಚಿನಲ್ಲಿ ನಿಂತು ರೀಲ್ಸ್ ಮಾಡುವ ಹುಡುಗರ ಬಗ್ಗೆ ಇಲ್ಲಿ ಮೊನ್ನೆ ದೊಡ್ಡ ಜಗಳವೇ ಆಯಿತು. ಅರ್ಧ ಜನ ಹುಚ್ಚು ಅಂದರು. ಉಳಿದವರು ಅವರವರ ಜೀವ ಅವರವರಿಗೆ ಬಿಟ್ಟದ್ದು ಅಂದರು. ಆಗ ನಾನು ಬಾಯಿ ಹಾಕಲಿಲ್ಲ. ಈಗ ಒಬ್ಬ ಟೀಚರಮ್ಮನ ವಿಷಯ ತಂದಿದ್ದೇನೆ. ಪಾಠ ಮಾಡಿ ಬದುಕಿದವನಿಗೆ ಈ ಕತೆ ಸ್ವಲ್ಪ ಜಾಸ್ತಿಯೇ ತಟ್ಟುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹೆಸರು ಆನಿ ಎಡ್ಸನ್ ಟೇಲರ್. ನ್ಯೂಯಾರ್ಕ್ ರಾಜ್ಯದ ಆಬರ್ನ್ ಎಂಬಲ್ಲಿ 1838ರಲ್ಲಿ ಹುಟ್ಟಿದ್ದು. ಟೀಚರ್ ತರಬೇತಿ ಮುಗಿಸಿದಳು, ಮದುವೆಯಾದಳು. ಹುಟ್ಟಿದ ಮಗು ಉಳಿಯಲಿಲ್ಲ. ಗಂಡನೂ ಬೇಗ ತೀರಿಕೊಂಡ. ಆಮೇಲೆ ಹೊಟ್ಟೆಪಾಡಿಗೆ ಊರೂರು ಅಲೆದಳು. ಟೆಕ್ಸಾಸ್, ಮೆಕ್ಸಿಕೋ, ಕೊನೆಗೆ ಮಿಷಿಗನ್‌ನ ಬೇ ಸಿಟಿ. ಅಲ್ಲಿ ಡ್ಯಾನ್ಸ್ ಕಲಿಸುವ ಶಾಲೆ ನಡೆಸಿದಳು, ಸಂಗೀತ ಪಾಠ ಹೇಳಿದಳು. ಯಾವುದೂ ಕೈ ಹಿಡಿಯಲಿಲ್ಲ. ವಯಸ್ಸು 60 ದಾಟಿತು. ಪಿಂಚಣಿ ಇಲ್ಲ, ನೋಡಿಕೊಳ್ಳುವವರಿಲ್ಲ. ಅನಾಥರ ಮನೆಯೇ ಗತಿಯಾದೀತು ಎಂಬ ಹೆದರಿಕೆ ಬೇರೆ.

1901ರಲ್ಲಿ ನಯಾಗರದ ಹತ್ತಿರದ ಬಫಲೋ ನಗರದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯುತ್ತಿತ್ತು. ದೇಶದ ಜನ ಎಲ್ಲ ಅಲ್ಲಿಗೇ ಬರುತ್ತಿದ್ದರು. ಪೀಪಾಯಿಯೊಳಗೆ ಕೂತು ಜಲಪಾತದಿಂದ ಕೆಳಗೆ ಬಿದ್ದು ಬದುಕಿದವರು ಅಲ್ಲಿವರೆಗೆ ಯಾರೂ ಇರಲಿಲ್ಲ. ತಾನು ಮೊದಲಿಗಳಾದರೆ ಹೆಸರೂ ಬಂತು, ಮುದಿಪ್ರಾಯಕ್ಕೆ ನಾಲ್ಕು ಕಾಸೂ ಆಯಿತು ಎಂಬುದು ಅವಳ ಲೆಕ್ಕ.

ಪೀಪಾಯಿ ಹೇಳಿ ಮಾಡಿಸಿದ್ದು. ಓಕ್ ಮರದ ಹಲಗೆ, ಸುತ್ತ ಕಬ್ಬಿಣದ ಪಟ್ಟಿ. ನಾಲ್ಕೂವರೆ ಅಡಿ ಎತ್ತರ. ಒಳಗೆ ಹಾಸಿಗೆ ತುರುಕಿದ್ದರು. ಅಡಿಯಲ್ಲಿ ಭಾರಕ್ಕೆ ಕಮ್ಮಾರನ ಅಡಿಗಲ್ಲು. ಮುಚ್ಚಳ ಬಿಗಿದ ಮೇಲೆ ಸೈಕಲ್ ಪಂಪಿನಿಂದ ಗಾಳಿ ಹೊಡೆದು ತೂತಿಗೆ ಬಿರಡೆ ಜಡಿದರು. ಅದಕ್ಕೂ ಮುಂಚೆ ಅದೇ ಪೀಪಾಯಿಯಲ್ಲಿ ಒಂದು ಬೆಕ್ಕನ್ನು ಕೂರಿಸಿ ಬಿಟ್ಟು ನೋಡಿದ್ದರು. ಬೆಕ್ಕು ಬದುಕಿತು.

ಅಕ್ಟೋಬರ್ 24, ಅವಳ 63ನೇ ಹುಟ್ಟುಹಬ್ಬ. ಗೋಟ್ ದ್ವೀಪದ ಹತ್ತಿರ ದೋಣಿಯವರು ಪೀಪಾಯಿಯನ್ನು ಹೊಳೆಗೆ ಬಿಟ್ಟರು. ಹೊಳೆ ಅದನ್ನು ಕೆನಡಾ ಕಡೆಯ ಕುದುರೆಲಾಳ ಜಲಪಾತಕ್ಕೆ ಎಳೆದುಕೊಂಡು ಹೋಯಿತು. ಇಪ್ಪತ್ತು ನಿಮಿಷದೊಳಗೆ ಅವಳು ಕೆಳಗಿದ್ದಳು. ತಲೆಗೆ ಒಂದು ಗಾಯ, ಅಷ್ಟೇ. ಹೊರಗೆ ಬಂದವಳು ಹೇಳಿದ್ದು ಇದು: ಫಿರಂಗಿ ಈಗ ಸಿಡಿಯುತ್ತದೆ ಅಂತ ಗೊತ್ತಿದ್ದರೂ ಅದರ ಬಾಯಿಗೆ ನಡೆದು ಹೋದೇನು, ಇನ್ನೊಮ್ಮೆ ಜಲಪಾತ ಮಾತ್ರ ಬೇಡ.

ಮುಂದೆ? ಅವಳ ಮ್ಯಾನೇಜರ್ ಫ್ರಾಂಕ್ ರಸ್ಸೆಲ್ ಪೀಪಾಯಿಯನ್ನೇ ಎತ್ತಿಕೊಂಡು ಪರಾರಿ. ಇದ್ದಬದ್ದ ದುಡ್ಡು ಅದನ್ನು ಹುಡುಕುವ ಪತ್ತೇದಾರರಿಗೆ ಹೋಯಿತು. ಷಿಕಾಗೋದಲ್ಲಿ ಸಿಕ್ಕಿತು, ಆಮೇಲೆ ಮತ್ತೆ ಮಾಯವಾಯಿತು. ಕೊನೆಗಾಲದಲ್ಲಿ ಪ್ರವಾಸಿಗರ ಜತೆ ಫೋಟೋಕ್ಕೆ ನಿಲ್ಲುತ್ತಿದ್ದಳು, ಭವಿಷ್ಯ ಹೇಳುತ್ತಿದ್ದಳು. ಕಣ್ಣು ಹೆಚ್ಚುಕಡಿಮೆ ಹೋಗಿತ್ತು. 1921ರ ಏಪ್ರಿಲ್ 29ರಂದು ಲಾಕ್‌ಪೋರ್ಟ್‌ನಲ್ಲಿ, ಗತಿಯಿಲ್ಲದವರಿಗೆ ಅಂತ ಸರ್ಕಾರ ನಡೆಸುವ ಆಸ್ಪತ್ರೆಯಲ್ಲಿ ತೀರಿಕೊಂಡಳು. ಯಾವ ಜಾಗಕ್ಕೆ ಹೆದರಿ ಹಾರಿದಳೋ ಅಲ್ಲಿಗೇ ಹೋಗಿ ಸೇರಿದಳು.

ಇವಳನ್ನು ಸಾಹಸಿ ಅಂತ ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಇವಳು ಪಿಂಚಣಿಗೆ ಅರ್ಜಿ ಹಾಕಿದವಳು. ಅರ್ಜಿ ಕೊಡುವ ಜಾಗ ಜಲಪಾತ ಆಗಿತ್ತು, ಅಷ್ಟೇ. ನಿಮಗೇನನ್ನಿಸುತ್ತದೆ?

ಬದಿಯಡ್ಕ ಬುಲೆಟ್

ಮಾಷ್ಟ್ರೇ, ನಮಸ್ಕಾರ. ನೀವು ಅವರನ್ನು ಪಾಪ ಮಾಡಿಬಿಟ್ಟಿರಿ. ಹೊಟ್ಟೆಪಾಡು ಒಂದೇ ಆಗಿದ್ದರೆ ಬೇರೆ ಎಷ್ಟೋ ದಾರಿ ಇತ್ತು. 63ರ ಪ್ರಾಯದಲ್ಲಿ ಪೀಪಾಯಿಯೊಳಗೆ ಕೂರುವುದಕ್ಕೆ ಒಳಗೆ ಒಂದು ಕಿಡಿಯೂ ಬೇಕು.

ಜಾತ್ರೆಗಳಲ್ಲಿ ಮರಣಬಾವಿ ನೋಡಿದ್ದೀರಲ್ಲ. ಹಲಗೆಯ ಬಾವಿ, ಸೈಲೆನ್ಸರ್ ಇಲ್ಲದ ಬೈಕು. ಮೇಲಿನ ಅಂಚಿನವರೆಗೆ ಬಂದು ನಮ್ಮ ಕೈಯಿಂದ ಹತ್ತು ರೂಪಾಯಿ ನೋಟು ಎಳೆದುಕೊಂಡು ಹೋಗುತ್ತಾರೆ. ಬೈಕ್ ನಮ್ಮ ಮುಂದೆ ಹಾದುಹೋಗುವಾಗ ಇಡೀ ಹಲಗೆ ಅಲುಗಾಡುತ್ತದೆ, ಕಾಲಿನಡಿ ಮೊಳೆ ಕಿರುಗುಟ್ಟುತ್ತದೆ. ಒಮ್ಮೆ ಆಟ ಮುಗಿದ ಮೇಲೆ ಹಿಂದೆ ಹೋಗಿ ಒಬ್ಬ ರೈಡರ್ ಹತ್ತಿರ ಮಾತಾಡಿದೆ. ಚಹಾ ಕುಡಿಯುತ್ತಾ ಚೈನಿಗೆ ಎಣ್ಣೆ ಬಿಡುತ್ತಿದ್ದ. ಹೆದರಿಕೆ ಆಗಲ್ವಾ ಅಂದೆ. ಬಾವಿಯೊಳಗೆ ಇಲ್ಲ, ರಾತ್ರಿ ಲಾರಿಯಲ್ಲಿ ಸಾಮಾನು ಹೇರಿಕೊಂಡು ಮುಂದಿನ ಊರಿಗೆ ಹೋಗುವಾಗ ಆಗುತ್ತದೆ ಅಂದ. ಅಲ್ಲಿ ಸ್ಟಿಯರಿಂಗ್ ಇನ್ನೊಬ್ಬನ ಕೈಯಲ್ಲಿ ಅಲ್ವಾ!

ಅವನ ಮುಖದಲ್ಲಿ ಕಷ್ಟ ಇತ್ತು, ಗತ್ತೂ ಇತ್ತು. ಎರಡೂ ಒಟ್ಟಿಗೆ ಇರುತ್ತವೆ ಮಾಷ್ಟ್ರೇ.

ಮುಳ್ಳೇರಿಯ ಟೈಲರಕ್ಕ

ಬುಲೆಟ್ ತಮ್ಮಾ, ಬೇರೆ ಎಷ್ಟೋ ದಾರಿ ಇತ್ತು ಅಂದೆಯಲ್ಲ, ಒಂದು ಹೇಳು ನೋಡುವ. 1901ರಲ್ಲಿ, ಗಂಡ ಇಲ್ಲದ, ಮಕ್ಕಳಿಲ್ಲದ, 60 ದಾಟಿದ ಹೆಂಗಸಿಗೆ.

ಆದರೆ ಮಾಷ್ಟ್ರ ಮಾತೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಅರ್ಜಿ ಹಾಕಿದವಳು ಅಂದರೆ ಕೈಮುಗಿದು ನಿಂತವಳು ಅನ್ನಿಸುತ್ತದೆ. ಈಕೆ ಹಾಗಲ್ಲ. ಪೀಪಾಯಿ ಹೇಗಿರಬೇಕು ಅಂತ ಅವಳೇ ಯೋಚಿಸಿದ್ದಾಳೆ. ತಳಕ್ಕೆ ಭಾರ ಬೇಕು, ಒಳಗೆ ಮೆತ್ತೆ ಬೇಕು, ಗಾಳಿ ಬೇಕು. ಅಳತೆ ತಪ್ಪಿದರೆ ಬಟ್ಟೆಯಾದರೆ ಬಿಚ್ಚಿ ಹೊಲಿಯಬಹುದು, ಇಲ್ಲಿ ಅದಕ್ಕೂ ಅವಕಾಶ ಇಲ್ಲ. ಪ್ರಾಯವನ್ನೂ ಇಪ್ಪತ್ತು ವರ್ಷ ಕಡಿಮೆ ಮಾಡಿ, ನಲವತ್ತರ ಆಸುಪಾಸು ಅಂತ ಪೇಪರಿನವರಿಗೆ ಹೇಳಿದ್ದಳು. ಪೂರಾ ವ್ಯವಹಾರಸ್ಥೆ.

ದುಡ್ಡು ಬಾರದ್ದಕ್ಕೆ ಮ್ಯಾನೇಜರ್ ಒಬ್ಬನೇ ಕಾರಣ ಅಂತ ಎಲ್ಲರೂ ಹೇಳುತ್ತಾರೆ. ಜನರ ಕಣ್ಣೂ ಕಾರಣ. ಅವಳಿಗಿಂತ 25 ವರ್ಷ ಮೊದಲು, 1876ರಲ್ಲಿ, ಮರಿಯಾ ಸ್ಪೆಲ್ಟರೀನಿ ಎಂಬ ಇಟಲಿಯ ಹುಡುಗಿ ಅದೇ ನಯಾಗರ ಕಣಿವೆಯ ಮೇಲೆ ಹಗ್ಗದಲ್ಲಿ ನಡೆದಿದ್ದಳು, ಕಾಲಿಗೆ ಹಣ್ಣಿನ ಬುಟ್ಟಿ ಕಟ್ಟಿಕೊಂಡು. ಇಪ್ಪತ್ತರ ಹರೆಯ, ಚಂದದ ಉಡುಪು. ಅವಳನ್ನು ನೋಡಲು ಜನ ಮುಗಿಬಿದ್ದರು. ವೇದಿಕೆಯ ಮೇಲೆ ಉದ್ದ ಲಂಗ, ದೊಡ್ಡ ಹ್ಯಾಟು ಹಾಕಿದ ಅಜ್ಜಿ ಬಂದು ನಿಂತರೆ ಟಿಕೆಟ್ ಕೊಟ್ಟವರಿಗೆ ಸಪ್ಪೆ ಅನ್ನಿಸಿತು. ಜಲಪಾತದಿಂದ ಬಿದ್ದದ್ದು ಅದೇ ಅಜ್ಜಿ ಅಂತ ಗೊತ್ತಿದ್ದೂ!

ಅಂಗಡಿಗೆ ಬರುವ ಹೆಂಗಸರಿಗೆ ಈ ಕತೆ ಹೇಳಿದೆ. ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ: ಆ ಮ್ಯಾನೇಜರನ್ನು ಯಾರೂ ಹಿಡಿಯಲಿಲ್ವಾ?

ಪೆರ್ಲದ ಬಿ.ಎಸ್ಸಿ.

ಲೆಕ್ಕ ಹಾಕಿ ನೋಡಿದೆ. ಎತ್ತರ ಸುಮಾರು 50 ಮೀಟರ್ ಅಂತ ಇಟ್ಟುಕೊಂಡರೆ ಬೀಳಲು ಮೂರು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ನೀರಿಗೆ ತಾಗುವಾಗ ವೇಗ ಗಂಟೆಗೆ ಸುಮಾರು 110 ಕಿ.ಮೀ. ಗಾಳಿಯ ತಡೆ ಸೇರಿಸಿಲ್ಲ. ಅಡಿಗಲ್ಲು ಬರೀ ಭಾರಕ್ಕಲ್ಲ. ಅದರಿಂದ ಪೀಪಾಯಿಯ ತಳ ಕೆಳಗೇ ಇರುತ್ತದೆ, ತಲೆ ಮೊದಲು ಬಡಿಯುವುದಿಲ್ಲ. ಜಲಪಾತದ ಬುಡದಲ್ಲಿ ನೀರಿನೊಂದಿಗೆ ಗಾಳಿ ಬೆರೆತು ನೊರೆ ಆಗಿರುವುದರಿಂದ ಪೆಟ್ಟೂ ಸ್ವಲ್ಪ ಕಡಿಮೆ. ಜೋಗದ ಹಾಗೆ ಬುಡದಲ್ಲಿ ಬಂಡೆ ಇರುವ ಕಡೆ ಈ ಆಟ ನಡೆಯುವುದಿಲ್ಲ. ಜೋಗ 253 ಮೀಟರ್ ಬೇರೆ. ದಯವಿಟ್ಟು ಯಾರೂ ಐಡಿಯಾ ಮಾಡಬೇಡಿ.

ನನಗೆ ಇನ್ನೂ ದೊಡ್ಡ ಅಪಾಯ ಕಾಣುವುದು ಗಾಳಿಯಲ್ಲಿ. ಆನಿ ಹಾರುವುದಕ್ಕೆ ಒಂದೂವರೆ ತಿಂಗಳು ಮೊದಲು, 1901ರ ಸೆಪ್ಟೆಂಬರ್ 7ರಂದು, ಮಾಡ್ ವಿಲಾರ್ಡ್ ಎಂಬ ನಟಿ ಅದೇ ಹೊಳೆಯಲ್ಲಿ ಸತ್ತಿದ್ದಳು. ಜಲಪಾತದಿಂದ ಬಿದ್ದು ಅಲ್ಲ. ಅದರ ಕೆಳಗಿನ ಸುಳಿಯಲ್ಲಿ ಅವಳ ಪೀಪಾಯಿ ಗಂಟೆಗಟ್ಟಲೆ ಸುತ್ತುತ್ತಾ ಉಳಿಯಿತು. ಒಳಗೆ ಜತೆಗೆ ನಾಯಿ ಇತ್ತು. ತೆಗೆದಾಗ ನಾಯಿ ಬದುಕಿತ್ತು, ಅವಳು ಉಸಿರುಕಟ್ಟಿ ಹೋಗಿದ್ದಳು. 1930ರಲ್ಲಿ ಜಾರ್ಜ್ ಸ್ಟಥಾಕಿಸ್ ಎಂಬ ಅಡುಗೆಯವನ ಪೀಪಾಯಿ ಜಲಪಾತದ ನೀರಿನ ಹಿಂದೆ ಸಿಕ್ಕಿಬಿತ್ತು. ಪೀಪಾಯಿ ಒಡೆಯಲಿಲ್ಲ. ಗಾಳಿ ಮುಗಿಯಿತು. ಅವನ ಜತೆಗಿದ್ದ ಆಮೆ ಬದುಕಿತು.

ಮಾಡ್ ಸತ್ತ ಸುದ್ದಿ ಊರೆಲ್ಲ ಇರುವಾಗಲೇ ಆನಿ ಪೀಪಾಯಿಗೆ ಇಳಿದಿದ್ದಾಳೆ. ಹುಂಬತನ ಅಂತ ನನಗೆ ಅನ್ನಿಸುವುದಿಲ್ಲ. ಅದಕ್ಕೇ ಸೈಕಲ್ ಪಂಪು ತಂದದ್ದು ಇರಬಹುದು.

ಹಾಸ್ಯಗಾರ ಕುಂಬ್ಳೆ

ಎರಡನೆಯವನ ಕತೆ ಯಾಕೆ ಬಿಟ್ಟಿರಿ? ಬಾಬಿ ಲೀಚ್. 1911ರಲ್ಲಿ ಉಕ್ಕಿನ ಪೀಪಾಯಿಯಲ್ಲಿ ಬಿದ್ದ. ಮೊಣಕಾಲ ಚಿಪ್ಪು ಎರಡೂ ಹೋಯಿತು, ದವಡೆ ಹೋಯಿತು, ಆರು ತಿಂಗಳು ಆಸ್ಪತ್ರೆ. ಆದರೂ ಬದುಕಿದ. ಹದಿನೈದು ವರ್ಷ ಬಿಟ್ಟು ನ್ಯೂಜಿಲೆಂಡಿನಲ್ಲಿ ಕಿತ್ತಳೆ ಸಿಪ್ಪೆ ಮೇಲೆ ಜಾರಿ ಬಿದ್ದ. ಕಾಲು ಕೊಳೆಯಿತು, ಕತ್ತರಿಸಿದರು, ಅದರಲ್ಲೇ ಸತ್ತ.

ನಯಾಗರಕ್ಕೆ ಬೇಲಿ ಹಾಕುವ ಮೊದಲು ಹಣ್ಣಿನ ಅಂಗಡಿಗೆ ಹಾಕಬೇಕಿತ್ತು.

ಉಪ್ಪಳದ ನಿವೃತ್ತ ಕ್ಯಾಶಿಯರ್

ಬ್ಯಾಂಕಿನಲ್ಲಿ ಕೂತು ಸಾಲದ ಫೈಲುಗಳನ್ನು ನೋಡಿದವನ ಕಣ್ಣಿನಿಂದ ಹೇಳುತ್ತೇನೆ. ಧೈರ್ಯಕ್ಕೆ ನೂರಕ್ಕೆ ನೂರು. ಪ್ಲಾನಿಂಗ್‌ಗೆ ಪಾಸ್ ಮಾರ್ಕ್ ಕೊಡುವುದೂ ಕಷ್ಟ.

ಬಫಲೋದ ಪ್ರದರ್ಶನ ಶುರುವಾದದ್ದು 1901ರ ಮೇ 1ಕ್ಕೆ, ಮುಗಿದದ್ದು ನವೆಂಬರ್ 2ಕ್ಕೆ. ಆಕೆ ಹಾರಿದ್ದು ಅಕ್ಟೋಬರ್ 24ಕ್ಕೆ. ಕೈಯಲ್ಲಿ ಉಳಿದದ್ದು ಬರೀ ಒಂದು ವಾರ ಚಿಲ್ಲರೆ. ಕುಂಬಳೆ ಜಾತ್ರೆಯ ಬೆಡಿ (ಸಿಡಿಮದ್ದು) ಮುಗಿದು ಜನ ಚಪ್ಪಲಿ ಹುಡುಕುವ ಹೊತ್ತಿಗೆ ಕಡಲೆ ಅಂಗಡಿ ತೆರೆದ ಹಾಗೆ. ಅದರ ಮೇಲೆ ಸೆಪ್ಟೆಂಬರ್ 6ರಂದು ಅದೇ ಪ್ರದರ್ಶನದಲ್ಲಿ ಅಮೆರಿಕದ ಅಧ್ಯಕ್ಷ ಮೆಕಿನ್ಲಿಗೆ ಗುಂಡು ಹೊಡೆದಿದ್ದರು. ಎಂಟು ದಿನಕ್ಕೆ ಅವರು ತೀರಿಕೊಂಡರು. ಇಡೀ ಊರಿಗೇ ಸೂತಕ ಹಿಡಿದಿತ್ತು. ಹುಟ್ಟುಹಬ್ಬದ ದಿನವೇ ಹಾರಬೇಕು ಅಂತ ಕಾಯದೆ ಜುಲೈಯಲ್ಲಿ ಹಾರಿದ್ದರೆ ಲೆಕ್ಕವೇ ಬೇರೆ ಇತ್ತು.

ಇನ್ನೊಂದು, ಆಸ್ತಿ ಯಾವುದು ಅನ್ನುವುದು. ಆಕೆಯ ಆಸ್ತಿ ಆ ಪೀಪಾಯಿ. ಜನಕ್ಕೆ ಮುಟ್ಟಿ ನೋಡಬೇಕಾದದ್ದು ಅದನ್ನು. ಅದು ಮ್ಯಾನೇಜರನ ಕೈಯಲ್ಲಿತ್ತು. ಚಿನ್ನವನ್ನೂ ಲಾಕರಿನ ಕೀಲಿಯನ್ನೂ ಒಬ್ಬನಿಗೇ ಕೊಟ್ಟು ಬಂದರೆ ಬ್ಯಾಂಕಿನವರು ಏನು ಮಾಡಲಿಕ್ಕಾಗುತ್ತದೆ?

ಬ್ಲಾಂಡಿನ್ ಎಂಬ ಫ್ರೆಂಚ್ ಹಗ್ಗದಾಟಗಾರನನ್ನು ನೋಡಿ. 1859ರಲ್ಲಿ ನಯಾಗರ ಕಣಿವೆಯನ್ನು ಹಗ್ಗದ ಮೇಲೆ ದಾಟಿದ. ಒಂದೇ ಸಲಕ್ಕೆ ನಿಲ್ಲಿಸಲಿಲ್ಲ. ಕಣ್ಣು ಕಟ್ಟಿಕೊಂಡು ದಾಟಿದ, ನಡುವೆ ಒಲೆ ಇಟ್ಟು ಆಮ್ಲೆಟ್ ಮಾಡಿದ, ತನ್ನ ಮ್ಯಾನೇಜರನ್ನೇ ಬೆನ್ನ ಮೇಲೆ ಹೊತ್ತುಕೊಂಡು ದಾಟಿದ. 70 ದಾಟಿದ ಮೇಲೂ ಆಟ ತೋರಿಸಿ, 1897ರಲ್ಲಿ ಲಂಡನ್ನಿನ ತನ್ನ ಸ್ವಂತ ಮನೆಯಲ್ಲಿ ಸತ್ತ. ಮನೆಯ ಹೆಸರು ನಯಾಗರ ಹೌಸ್. ಅವನದು ದಿನಾ ತೋರಿಸಬಹುದಾದ ವಿದ್ಯೆ. ಆನಿಯದು ಒಂದೇ ಸಲದ್ದು. ಇನ್ನೊಮ್ಮೆ ಮಾಡೆನು ಅಂತ ಆಕೆಯೇ ಹೇಳಿ ಆಗಿದೆ. ಹಾಗಾದರೆ ಮಾರುವುದಕ್ಕೆ ಉಳಿದದ್ದೇನು? ಮಾತು ಮತ್ತು ಪೀಪಾಯಿ. ಮಾತಿಗೆ ಜನ ಸೇರಲಿಲ್ಲ, ಪೀಪಾಯಿ ಹೋಯಿತು.

ಬದಿಯಡ್ಕ ಬುಲೆಟ್

ಮ್ಯಾನೇಜರನ್ನು ಬೆನ್ನ ಮೇಲೆ ಹೊರುವುದು ಸೂಪರ್ ಐಡಿಯಾ. ಆಗ ಅವನು ಎಲ್ಲಿಗೂ ಓಡುವ ಹಾಗಿಲ್ಲ.

ತಲಶ್ಶೇರಿಯಲ್ಲಿರುವ ಕನ್ನಡಿಗ

ನಾನು ಮಂಜೇಶ್ವರದವನು, ಕೆಲಸ ತಲಶ್ಶೇರಿಯಲ್ಲಿ. ಕ್ಯಾಶಿಯರ್ ಅಣ್ಣ ಹೇಳಿದ ವಿದ್ಯೆ ಮತ್ತು ಒಂದೇ ಸಲದ ಸಾಹಸ, ಇದರ ಬಗ್ಗೆ ಇಲ್ಲಿಯವರಿಗೆ ಚೆನ್ನಾಗಿ ಗೊತ್ತು.

ಆನಿ ಹಾರಿದ 1901ರಲ್ಲೇ ಇಲ್ಲಿ ಚಿರಕ್ಕರದಲ್ಲಿ ಕೀಲೇರಿ ಕುಞ್ಞಿಕಣ್ಣನ್ ಸರ್ಕಸ್ ಶಾಲೆ ತೆರೆದರು. ಅವರೂ ಮಾಷ್ಟ್ರೇ, ಬಾಸೆಲ್ ಮಿಷನ್ ಶಾಲೆಯಲ್ಲಿ ಜಿಮ್ನಾಸ್ಟಿಕ್ಸ್ ಕಲಿಸುತ್ತಿದ್ದವರು. ಮಹಾರಾಷ್ಟ್ರದ ವಿಷ್ಣುಪಂತ ಛತ್ರೆ ಅವರ ಸರ್ಕಸ್ ಈ ಕಡೆ ಬಂದಾಗ ನಂಟು ಬೆಳೆಯಿತು. ಆಮೇಲೆ ದೇಶದ ಸರ್ಕಸ್ ಕಂಪೆನಿಗಳಿಗೆಲ್ಲ ಇಲ್ಲಿಂದಲೇ ಕಲಾವಿದರು ಹೋದರು. ಅಲ್ಲಿ ಬೀಳುವುದನ್ನು ಮೊದಲು ಕಲಿಸುತ್ತಾರೆ, ಹಾರುವುದನ್ನು ಆಮೇಲೆ. ಬಲೆಯ ಮೇಲೆ ಬೆನ್ನು ಕೊಟ್ಟು ಬೀಳಬೇಕು, ಕಾಲು ಕೊಟ್ಟರೆ ಮುರಿಯುತ್ತದೆ. ನನ್ನ ಬಾಡಿಗೆ ಮನೆಯ ಪಕ್ಕದಲ್ಲಿ ಹಿಂದೆ ಟ್ರಪೀಜ್ ಮಾಡುತ್ತಿದ್ದ ಅಮ್ಮ ಒಬ್ಬರಿದ್ದಾರೆ. ಅಂಗೈ ಈಗಲೂ ಒರಟು, ಹೆಬ್ಬೆರಳಿನ ಬುಡದಲ್ಲಿ ಗಟ್ಟಿ ಗಂಟು. ಬಟ್ಟೆ ಒಣಗಿಸಲು ಕೈ ಎತ್ತುವಾಗ ಎಡಭುಜ ಅರ್ಧಕ್ಕೇ ನಿಲ್ಲುತ್ತದೆ. ಅವರಿಗೆ ಕೇರಳ ಸರ್ಕಾರ ಸರ್ಕಸ್ ಕಲಾವಿದರಿಗೆ ಕೊಡುವ ಪಿಂಚಣಿ ಬರುತ್ತದೆ. ದೊಡ್ಡ ಮೊತ್ತ ಅಲ್ಲ. ಆದರೂ ತಿಂಗಳು ತಿಂಗಳು ಬರುತ್ತದೆ.

ಅವರ ಹತ್ತಿರ ಆನಿಯ ವಿಷಯ ಹೇಳಿದೆ. ಕಲಿಯದೆ ಹಾರಿದಳಾ ಅಂತ ಬೈದರು. ಆಮೇಲೆ, ಬದುಕಿದಳಲ್ಲ, ಜೋರಿದ್ದಾಳೆ ಅಂದರು.

ಬಾಯಾರಿನ ಅಡಿಕೆ ಕೃಷಿಕ

ಎಲ್ಲರೂ ಅಮೆರಿಕ ಸುತ್ತಿ ಬಂದಿರಿ. ನಮ್ಮ ತೋಟಕ್ಕೂ ಬನ್ನಿ.

ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವವನು ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿ ಅಡಿಕೆ ಮರ ಹತ್ತುತ್ತಾನೆ. ಮರ ಒದ್ದೆ, ಪಾಚಿ ಹಿಡಿದಿರುತ್ತದೆ. ಮೈಲುತುತ್ತು, ಸುಣ್ಣದ ನೀರು ಮುಖದ ಮೇಲೇ ಸುರಿಯುತ್ತದೆ. ಒಂದು ಮರ ಮುಗಿದರೆ ಕೆಳಗಿಳಿಯುವುದಿಲ್ಲ. ಮರವನ್ನು ತೂಗಿಸಿ ತೂಗಿಸಿ ಪಕ್ಕದ ಮರವನ್ನು ಹಿಡಿದು ದಾಟಿಕೊಳ್ಳುತ್ತಾನೆ. ಕೆಳಗೆ ಬಲೆ ಇಲ್ಲ, ನೊರೆಯೂ ಇಲ್ಲ. ಯಾರೂ ವೀಡಿಯೊ ಮಾಡುವುದಿಲ್ಲ. ಅವನಿಗೆ ಕೀರ್ತಿ ಅಂದರೆ ಮುಂದಿನ ವರ್ಷವೂ ನಾಲ್ಕು ತೋಟದವರು ಫೋನ್ ಮಾಡುವುದು.

ನೀರಿಗಾಗಿ ಸುರಂಗ ತೋಡುವವರೂ ಹಾಗೆಯೇ. ಜಂಬಿಟ್ಟಿಗೆ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಬಗ್ಗಿಕೊಂಡು ಹೋಗುವಷ್ಟು ಅಗಲಕ್ಕೆ, ಪಿಕ್ಕಾಸಿನಲ್ಲಿ ಕೆತ್ತುತ್ತಾ ಹೋಗಬೇಕು. ಉದ್ದಕ್ಕೆ ಕೋಲಿನ ಲೆಕ್ಕದಲ್ಲಿ ಕೂಲಿ. ನಮ್ಮ ಗುಡ್ಡದಲ್ಲಿ ತೋಡುವಾಗ ನಾನು ತೋಡುವವನ ಹಿಂದೆ ಹಿಂದೆ ಹೋಗಿದ್ದೆ. ಗೋಡೆಯಲ್ಲಿ ಸಣ್ಣ ಗೂಡು ಕೊರೆದು ಮೇಣದ ಬತ್ತಿ ಇಟ್ಟಿದ್ದ. ಬೆಳಕಿಗೆ ಅಂತ ತಿಳಿದಿದ್ದೆ. ಬತ್ತಿಯ ಉರಿ ಸಣ್ಣದಾಗಿ, ನೀಲಿ ತಿರುಗಿ, ಬತ್ತಿಗೇ ಅಂಟಿಕೊಂಡಂತೆ ಆಯಿತು. ಅವನು ಪಿಕ್ಕಾಸು ಅಲ್ಲೇ ಬಿಟ್ಟು ನನ್ನ ಭುಜ ಹಿಡಿದು ತಿರುಗಿಸಿ, ನಡೀರಿ ಅಣ್ಣಾ ಅಂದ. ಗಾಳಿ ಕಡಿಮೆಯಾದದ್ದು ನನಗೆ ಗೊತ್ತೇ ಆಗಿರಲಿಲ್ಲ. ಪೆರ್ಲದ ಹುಡುಗ ಹೇಳಿದ ನಾಯಿ, ಆಮೆ ಓದುವಾಗ ಆ ಬತ್ತಿಯ ನೆನಪಾಯಿತು.

ಹಾಗಾಗಿ ಮಾಷ್ಟ್ರೇ, ಹುಚ್ಚು ಯಾವುದು, ಕೆಲಸ ಯಾವುದು ಅಂತ ಯಾರು ಹೇಳುವುದು? ನೋಡಲು ಜನ ಸೇರಿದರೆ ಸಾಹಸ, ಸೇರದಿದ್ದರೆ ಕೂಲಿ. ನನಗೆ ಹಾಗೆ ಕಾಣುತ್ತದೆ.

ನೀರ್ಚಾಲು ಮಾಷ್ಟ್ರು

ಟೈಲರಕ್ಕ ಹೇಳಿದ್ದು ಮನಸ್ಸಿಗೆ ನಾಟಿತು. ಕೈಮುಗಿದವಳಲ್ಲ, ಸರಿ. ಆದರೂ ಕ್ಯಾಶಿಯರ್ ಅವರೇ, ನಿಮ್ಮ ಪಾಸ್ ಮಾರ್ಕಿನ ಮಾತಿಗೆ ನನ್ನ ತಕರಾರು ಇದೆ. ಜೀವ ಒತ್ತೆ ಇಟ್ಟವಳು ಒಳ್ಳೆಯ ಲೆಕ್ಕಿಗಳೂ ಆಗಿರಬೇಕು, ಒಳ್ಳೆಯ ಮಾತುಗಾರಳೂ ಆಗಿರಬೇಕು, ಚಂದವೂ ಇರಬೇಕು, ವಕೀಲೆಯೂ ಆಗಿರಬೇಕು ಅಂದರೆ ಹೇಗೆ? ಬಾಯಾರಿನವರ ಮದ್ದು ಬಿಡುವವನ ಹತ್ತಿರ ಮಾರ್ಕೆಟಿಂಗ್ ಯಾಕೆ ಕಲಿಯಲಿಲ್ಲ ಅಂತ ಕೇಳುತ್ತೀರಾ?

ಉಪ್ಪಳದ ನಿವೃತ್ತ ಕ್ಯಾಶಿಯರ್

ಕೇಳುವುದಿಲ್ಲ. ಆದರೆ ವಿಮೆ ಮಾಡಿಸಿದ್ದಾನಾ ಅಂತ ಕೇಳುತ್ತೇನೆ. ಅದು ಅವನಿಗೆ ಕೇಳುವ ಪ್ರಶ್ನೆ ಅಲ್ಲ, ತೋಟದ ಯಜಮಾನರಿಗೆ ಕೇಳುವುದು. 😀

2012ರಲ್ಲಿ ನಿಕ್ ವಾಲೆಂಡ ನಯಾಗರದ ಮೇಲೆಯೇ ತಂತಿಯಲ್ಲಿ ನಡೆದ. ಏಳು ತಲೆಮಾರಿನ ಸರ್ಕಸ್ ಮನೆತನದವನು. ಅವನಿಗೆ ಬೆಲ್ಟ್ ಕಟ್ಟಿಕೊಳ್ಳಲು ಮನಸ್ಸಿರಲಿಲ್ಲ. ನೇರಪ್ರಸಾರ ಮಾಡುವ ಟಿವಿಯವರು ಬೆಲ್ಟ್ ಇಲ್ಲದಿದ್ದರೆ ಪ್ರಸಾರವೇ ಇಲ್ಲ ಅಂದರು. ಕಟ್ಟಿಕೊಂಡ. ದುಡ್ಡು ಹಾಕುವವನು ಮನಸ್ಸು ಮಾಡಿದರೆ ಬೆಲ್ಟ್ ತಾನಾಗಿ ಬರುತ್ತದೆ. ಆನಿಗೆ ದುಡ್ಡು ಹಾಕುವವರೇ ಇರಲಿಲ್ಲ.

ಮುಳ್ಳೇರಿಯ ಟೈಲರಕ್ಕ

ಈ ಮಾತು ಸರಿ. ಬೆಲ್ಟಿನ ಖರ್ಚು ಹಾರುವವರ ತಲೆಗೆ ಕಟ್ಟಬಾರದು.

ರೀಲ್ಸ್ ಹುಡುಗರ ವಿಷಯದಲ್ಲೂ ನನಗೆ ಸಿಟ್ಟು ಬರುವುದು ಅಲ್ಲೇ. ಲೈಕಿನಿಂದ ಕಂಪೆನಿಗೆ ದುಡ್ಡು. ಹುಡುಗ ಕಾಲು ಜಾರಿದರೆ ಅಮ್ಮ ಮಂಗಳೂರಿನ ಆಸ್ಪತ್ರೆಗೆ ಬಳೆ ಅಡವಿಡಬೇಕು.

ಪೆರ್ಲದ ಬಿ.ಎಸ್ಸಿ.

ಅಕ್ಕಾ, ನಾನೂ ಪೊಸಡಿಗುಂಪೆಯಲ್ಲಿ ರೀಲ್ಸ್ ಮಾಡಿದ್ದೇನೆ. ಅಂಚಿನಿಂದ ದೂರ, ಪ್ರಾಮಿಸ್. ಕರ್ಕ್ ಜೋನ್ಸ್ ಅಂತ ಒಬ್ಬ 2003ರಲ್ಲಿ ಪೀಪಾಯಿಯೂ ಇಲ್ಲದೆ ನಯಾಗರದಿಂದ ಬಿದ್ದು ಬದುಕಿದ. ಪೊಲೀಸರು ಹಿಡಿದರು, ದಂಡ ಕಟ್ಟಿದ, ಸ್ವಲ್ಪ ದಿನ ಸರ್ಕಸ್ಸಿನಲ್ಲೂ ಇದ್ದ. 2017ರಲ್ಲಿ ಗಾಳಿ ತುಂಬಿದ ದೊಡ್ಡ ಬಲೂನಿನಂಥದ್ದರಲ್ಲಿ ಮತ್ತೆ ಹೋದ. ಆ ಸಲ ಬದುಕಲಿಲ್ಲ. ಮೊದಲನೇ ಸಲದ ಹೆಸರು ಎಷ್ಟು ದಿನ ಬಾಳುತ್ತದೆ ಅಂತ ಇಂಥವರನ್ನು ನೋಡಿದರೆ ಗೊತ್ತಾಗುತ್ತದೆ. ಆನಿ ಕೂಡ 1906ರಲ್ಲಿ ಇನ್ನೊಮ್ಮೆ ಹಾರುವ ಮಾತಾಡಿದ್ದರು ಅಂತ ಓದಿದೆ. ಫಿರಂಗಿಯ ಮಾತು ಆಡಿದವರೇ!

ನೀರ್ಚಾಲು ಮಾಷ್ಟ್ರು

ಹೌದು. ಅಷ್ಟು ಹೊತ್ತಿಗೆ ಕಿಸೆ ಖಾಲಿಯಾಗಿತ್ತು. ಪುಣ್ಯಕ್ಕೆ ಹಾರಲಿಲ್ಲ.

ಬಾಯಾರಿನ ಅಡಿಕೆ ಕೃಷಿಕ

ಕ್ಯಾಶಿಯರ್ ಅಣ್ಣ, ಯಜಮಾನನಿಗೇ ಕೇಳಿದ ಪ್ರಶ್ನೆ ಅಂತ ಅರ್ಥವಾಯಿತು. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದಲ್ಲೇ ನಿಂತು ಮದ್ದು ಬಿಡಬಹುದು. ತಗ್ಗು ಮರಗಳಿಗೆ ನಾನೂ ಅದನ್ನೇ ಬಳಸುತ್ತೇನೆ. ಎತ್ತರದ ಹಳೆ ಮರಗಳಿಗೆ ಇನ್ನೂ ಹತ್ತುವವನೇ ಬೇಕು. ಅವನಿಗೆ ಯಾವ ವಿಮೆ ಇದೆ, ಹೇಳಿ.

ಉಪ್ಪಳದ ನಿವೃತ್ತ ಕ್ಯಾಶಿಯರ್

ತೆಂಗು ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ನಿಮ್ಮವನು ತೆಂಗೂ ಹತ್ತುತ್ತಾನಲ್ಲ? ಕೃಷಿಭವನದಲ್ಲಿ ಕೇಳಿ. ಅಡಿಕೆ ಮರದಿಂದ ಬಿದ್ದರೆ ಅದರಲ್ಲಿ ಸಿಗುತ್ತದಾ ಅಂತ ಸ್ಪಷ್ಟವಾಗಿ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ. ಅದಲ್ಲದೆ ಬ್ಯಾಂಕಿನಲ್ಲಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. 18ರಿಂದ 70 ವರ್ಷದವರಿಗೆ. ಖಾತೆಯಿಂದ ತಾನಾಗಿ ಕಡಿತ ಆಗುತ್ತದೆ, ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ರದ್ದಾಗುತ್ತದೆ. ಅದನ್ನು ನೋಡಿಕೊಳ್ಳಬೇಕು.

ಬಾಯಾರಿನ ಅಡಿಕೆ ಕೃಷಿಕ

ಸೋಮವಾರ ಅವನನ್ನೂ ಕರೆದುಕೊಂಡು ಉಪ್ಪಳಕ್ಕೆ ಬರುತ್ತೇನೆ. ಫಾರ್ಮ್ ತುಂಬಿಸಿಕೊಡಬೇಕು ಅಣ್ಣ, ಅವನಿಗೆ ಮಲಯಾಳವೂ ಇಂಗ್ಲಿಷೂ ಓದಲಿಕ್ಕೆ ಬರುವುದಿಲ್ಲ.